ಕೆಳಗಿನಮ್ಮನ ಹನ್ನೊಂದು ನಿಮಿಷ

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಐವತ್ತೊಂಬತ್ತು ವರ್ಷದ ಹೆಂಗಸೊಬ್ಬರು ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್ ತೊಟ್ಟು, ಕೀಲಿಮಣೆಯ ಮುಂದೆ ಕೂತು ಗಡಿಯಾರ ನೋಡುತ್ತಿದ್ದಾರೆ. ಯಂತ್ರಗಳಿಗೆ ಸೆಕೆಯಾಗಬಾರದೆಂದು ಈ ಕೋಣೆಯಲ್ಲಿ ವರ್ಷವಿಡೀ ಚಳಿ. ಇರುವುದು ಒಂದೇ ಕುರ್ಚಿ, ಅದರ ಮುರಿದ ಕೈಗೆ ಬ್ಯಾಂಡೇಜು ಬಟ್ಟೆ ಸುತ್ತಿದ್ದಾರೆ. ಅವರ ಬಗ್ಗೆ ಬರೆಯಲೆಂದು ಬಂದ ನನಗೆ ಸಿಕ್ಕಿದ್ದು ಮಗುಚಿ ಹಾಕಿದ ಪ್ಲಾಸ್ಟಿಕ್ ಕ್ರೇಟು.

ಐದೂವರೆಗೆ ಸರಿಯಾಗಿ ಅವರು ಆಸ್ಪತ್ರೆಯ ಮುಖ್ಯ ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಯಾರ ರಕ್ತದ ಗುಂಪು ಯಾವುದು, ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದೆಲ್ಲ ಅದರ ಹೊಟ್ಟೆಯಲ್ಲಿದೆ. ಆರಕ್ಕೆ ವಾರ್ಡುಗಳಲ್ಲಿ ರಕ್ತ ತೆಗೆಯಲು ಶುರು ಮಾಡುತ್ತಾರೆ. ಅದಕ್ಕೂ ಮುಂಚೆ ಯಂತ್ರ ನಿಲ್ಲಿಸಲು ಮೇಲಿನವರು ಕೊಟ್ಟಿರುವುದು ಹನ್ನೊಂದೇ ನಿಮಿಷ. ಈ ಹನ್ನೊಂದು ನಿಮಿಷಕ್ಕಾಗಿ ಅವರು ಮೂರು ವರ್ಷದಲ್ಲಿ ಒಂಬತ್ತು ಪತ್ರ ಬರೆದಿದ್ದಾರೆ.

ಎಲ್ಲರೂ ಅವರನ್ನು ಕೆಳಗಿನಮ್ಮ ಎನ್ನುತ್ತಾರೆ. ಮೇಲಿನ ಐದು ಮಹಡಿಗಳಲ್ಲಿ ಕಂಪ್ಯೂಟರು ಮೊಂಡು ಹಿಡಿದಾಗ ಮಾತ್ರ ನೆನಪಾಗುವ ಹೆಸರು ಅದು. ಇಪ್ಪತ್ತೆರಡು ವರ್ಷದ ಹಿಂದೆ ಅವರು ನೋಂದಣಿ ಕೌಂಟರಿನ ಟೈಪಿಸ್ಟ್. ಸರ್ವರ್ ನೋಡಿಕೊಳ್ಳುತ್ತಿದ್ದ ಇಂಜಿನಿಯರು ಹೇಳದೆ ಕೇಳದೆ ಕೆಲಸ ಬಿಟ್ಟಾಗ, ನಿನಗೆ ಟೈಪಿಂಗ್ ಬರುತ್ತಲ್ಲ ಎಂದು ಈ ಕೋಣೆಯ ಬೀಗದಕೈಯನ್ನು ಅವರ ಕೈಗಿಟ್ಟರಂತೆ. ಈ ಯಂತ್ರಗಳನ್ನು ನಡೆಸುವ ತಂತ್ರಾಂಶದ ಹೆಸರು ಲಿನಕ್ಸ್ ಎಂಬುದು ಅವರ ಕಿವಿಗೆ ಬಿದ್ದದ್ದೇ ಅವತ್ತು. ಈಗ ಮೂವತ್ತೊಂದು ಯಂತ್ರಗಳು ಅವರ ಕೈಕೆಳಗಿವೆ. ಹುದ್ದೆಯ ಹೆಸರು ಮಾತ್ರ ಇನ್ನೂ ಟೈಪಿಸ್ಟ್.

ಇವತ್ತಿನ ಕೆಲಸ ಕರ್ನಲ್ ಬದಲಾಯಿಸುವುದು. ಕರ್ನಲ್ ಎಂದರೇನು ಎಂದು ನಾನು ಪೆದ್ದುಪೆದ್ದಾಗಿ ಕೇಳಿದೆ. "ಮನೆ ನಡೆಸೋ ದೊಡ್ಡಸೊಸೆ ಅಂದ್ಕೊಳ್ಳಿ. ಯಾರಿಗೆ ಎಷ್ಟು ಬಡಿಸ್ಬೇಕು, ಯಾರು ಯಾವ ಕೋಣೆಗೆ ಕಾಲಿಡಬಹುದು, ಎಲ್ಲಾ ಅವಳೇ ನೋಡ್ಕೊಳ್ತಾಳೆ. ಅವಳು ಇದ್ದಾಳೆ ಅನ್ನೋದೇ ಯಾರಿಗೂ ಗೊತ್ತಿರಲ್ಲ" ಎಂದರು. ಉಳಿದವರನ್ನು ಮನೆ ನಡೆಯುತ್ತಿರುವಾಗಲೇ ಬದಲಾಯಿಸಬಹುದು, ಇವಳನ್ನು ಬದಲಾಯಿಸಬೇಕಾದರೆ ಒಮ್ಮೆ ಇಡೀ ಮನೆಯ ದೀಪ ಆರಿಸಲೇಬೇಕು ಎಂಬುದು ಅವರ ವಿವರಣೆ.

ಆ ದೀಪ ಆರಿಸಲು ಆಸ್ಪತ್ರೆ ಬಿಡಲಿಲ್ಲ. ಹಳೆಯ ಕರ್ನಲಿನಲ್ಲಿ ಹೊರಗಿನವರು ನುಸುಳಬಹುದಾದ ತೂತುಗಳಿವೆ ಎಂದು ಅವರು ಬರೆಯುತ್ತಲೇ ಹೋದರು, ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನಾಲ್ಕು ಸಲ ಹೊಸ ಕರ್ನಲನ್ನು ಡಿಸ್ಕಿಗೆ ಇಳಿಸಿದ್ದಾರೆ. ಒಂದೂ ಓಡಿಲ್ಲ, ಯಂತ್ರವನ್ನು ಒಮ್ಮೆ ಮಲಗಿಸಿ ಎಬ್ಬಿಸದೆ ಅದು ಓಡುವುದಿಲ್ಲ. ಹೊಸಬಳು ಬಂದು ಹೊಸ್ತಿಲಲ್ಲಿ ಕಾಯುತ್ತಲೇ ಇದ್ದಾಳೆ.

ಕಾರಣ ಮುಂಬಾಗಿಲ ಹಜಾರದಲ್ಲಿ ನೇತಾಡುತ್ತಿದೆ. ಕೆಂಪು ಅಂಕಿಗಳ ಫಲಕ, ಕೆಳಗೆ 'ಸರ್ವರ್ ನಿಲ್ಲದೆ ಓಡಿದ ದಿನಗಳು' ಎಂಬ ಬರಹ. ನಿನ್ನೆ ಅದರಲ್ಲಿ 1163 ಎಂದಿತ್ತು. ಸಾವಿರ ದಾಟಿದಾಗ ಸಮಾರಂಭವಾಯಿತು, ಆಡಳಿತಾಧಿಕಾರಿಗಳಿಗೆ ಗಾಜಿನ ಸ್ಮರಣಿಕೆ ಬಂತು. ಕೆಳಗಿನಮ್ಮನನ್ನೂ ಕರೆಯೋಣವೆಂದು ಯಾರೋ ಹೇಳಿದರಂತೆ. ಸಮಾರಂಭದ ಹೊತ್ತಿನಲ್ಲೇ ಸರ್ವರ್ ಕೈಕೊಟ್ಟರೆ ಕಷ್ಟ, ಅವರು ಕೆಳಗೇ ಇರಲಿ ಎಂದು ತೀರ್ಮಾನವಾಯಿತು.

"ಸಾವಿರ ದಿನ ನಿಂತಿಲ್ಲ ಅಂದ್ರೆ ಸಾವಿರ ದಿನ ಹಳೇ ತೂತು ಮುಚ್ಚಿಲ್ಲ ಅಂತ ಅರ್ಥ. ಅದಕ್ಕೆ ಚಪ್ಪಾಳೆ ಹೊಡೆದ್ರು. ಚಪ್ಪಾಳೆ ಇಲ್ಲಿವರೆಗೂ ಕೇಳಿಸ್ತು" ಎನ್ನುತ್ತಾರೆ.

ಕಳೆದ ತಿಂಗಳು ಬೇರೊಂದು ಆಸ್ಪತ್ರೆಯ ಸರ್ವರಿಗೆ ಅಂಥದ್ದೇ ತೂತಿನಿಂದ ಕಳ್ಳರು ನುಗ್ಗಿ ವರದಿಗಳಿಗೆಲ್ಲ ಬೀಗ ಹಾಕಿಟ್ಟರು. ಮೇಲಿನವರಿಗೆ ನಡುಕ ಹುಟ್ಟಿ ಒಂಬತ್ತನೇ ಪತ್ರಕ್ಕೆ ಒಪ್ಪಿಗೆ ಬಂತು, ಒಂದು ಷರತ್ತಿನೊಂದಿಗೆ. ಯಂತ್ರ ಏಳದಿದ್ದರೆ ಹೊಣೆ ಪೂರ್ತಿ ನನ್ನದೇ ಎಂದು ಕೆಳಗಿನಮ್ಮ ಸಹಿ ಹಾಕಬೇಕು. ಹತ್ತೊಂಬತ್ತು ದಿನದಲ್ಲಿ ನಿವೃತ್ತರಾಗುವವರಿಂದ ಸಹಿ ಹಾಕಿಸಿಕೊಂಡು ಎಲ್ಲರೂ ಕೈ ತೊಳೆದುಕೊಂಡಿದ್ದಾರೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವರು ಮಾತ್ರ ಕನ್ನಡಕ ಒರೆಸುತ್ತಾ ಕೂತಿದ್ದರು.

ಅವರ ಸೇವಾ ಕಡತದಲ್ಲಿ ಈಗಾಗಲೇ ಒಂದು ಕಪ್ಪು ಚುಕ್ಕೆ ಇದೆ. ಹದಿನೈದು ವರ್ಷದ ಹಿಂದಿನ ಮಾತು. ಕರ್ನಲ್ ಇಡುವ ಜಾಗ ಡಿಸ್ಕಿನಲ್ಲಿ ಸಣ್ಣ ಅಟ್ಟದಷ್ಟೇ, ಅದು ತುಂಬಿಹೋಗಿತ್ತು. ಹೊಸದಕ್ಕೆ ಜಾಗ ಮಾಡಲು ಹಳೆಯದನ್ನೆಲ್ಲ ಅಳಿಸಿದರು. ಎದ್ದ ಹೊಸ ಕರ್ನಲಿಗೆ ಆ ಡಿಸ್ಕಿನ ಗುರುತೇ ಹತ್ತಲಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಹಳೆಯದು ಉಳಿದಿಲ್ಲ. ಎರಡು ಗಂಟೆ ನಲವತ್ತು ನಿಮಿಷ ಆಸ್ಪತ್ರೆ ಕುರುಡಾಯಿತು. "ನಾನೇ ನನ್ನ ಕೈಯಾರೆ ಏಣಿ ತೆಗೆದುಬಿಟ್ಟಿದ್ದೆ. ಅವತ್ತು ಬೈದಿದ್ದು ಸರಿಯಾಗೇ ಬೈದ್ರು." ಅಂದಿನಿಂದ ಓಡಿ ಗೆದ್ದ ಕರ್ನಲನ್ನು ಅವರು ಅಳಿಸುವುದಿಲ್ಲ. ಹೊಸದು ಒಂದು ವಾರ ನೆಟ್ಟಗೆ ನಡೆಯುವವರೆಗೆ ಹಳೆಯದು ಪಕ್ಕದಲ್ಲೇ ಇರಬೇಕು. ಆ ಒಂದು ದಿನ ಎಲ್ಲರಿಗೂ ಬಾಯಿಪಾಠ. ಉಳಿದ ದಿನಗಳನ್ನು ಯಾರೂ ಎಣಿಸಿಲ್ಲ.

ಗಂಡ ಇದೇ ಆಸ್ಪತ್ರೆಯಲ್ಲಿ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಅವರ ಸಮಾಧಾನವೂ ಖಾರವೇ. ಲಿಫ್ಟು ಕೆಟ್ಟರೆ ನನ್ನನ್ನು ಬೈಯುತ್ತಿದ್ದರು, ಓಡಿದರೆ ಬಟನ್ ಒತ್ತಿದವರು ತಮ್ಮಿಂದಲೇ ಓಡಿತು ಅಂದುಕೊಳ್ಳುತ್ತಿದ್ದರು ಎಂದು ಹೆಂಡತಿಗೆ ಹೇಳುತ್ತಾರಂತೆ.

ಐದೂವರೆ. ಕೆಳಗಿನಮ್ಮ ಒಂದು ಪದ ಟೈಪು ಮಾಡಿ ಗುಂಡಿ ಒತ್ತುತ್ತಾರೆ. ಪರದೆ ಕಪ್ಪಾಗುತ್ತದೆ. ಮೇಲೆ ನರ್ಸುಗಳು ಕಂಪ್ಯೂಟರಿನ ಬದಲು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಾರೆ. ನಿನ್ನೆ ಒಂದೊಂದು ವಾರ್ಡಿಗೂ ಮೆಟ್ಟಿಲು ಹತ್ತಿ ಹೋಗಿ ಹೇಳಿ ಬಂದವರು ಇವರೇ. ಮೂರು ವರ್ಷ ಮಲಗದ ಯಂತ್ರ ಮಲಗಿದರೆ ಏಳುತ್ತದೆಂಬ ಖಾತ್ರಿ ಯಾರಿಗೂ ಇಲ್ಲ. ನಾಲ್ಕು ನಿಮಿಷ ಅದು ತನ್ನ ಮೈಕೈ ತಾನೇ ಮುಟ್ಟಿ ನೋಡಿಕೊಳ್ಳುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಅವರು ಎದ್ದು ಹೋಗಿ ಯಂತ್ರದ ಹಿಂದೆ, ಬಿಸಿಗಾಳಿ ಬರುವಲ್ಲಿ ಅಂಗೈ ಹಿಡಿದು ನಿಲ್ಲುತ್ತಾರೆ. ಏಳನೇ ನಿಮಿಷ. ಎಂಟು.

ಒಂಬತ್ತನೇ ನಿಮಿಷಕ್ಕೆ ಪರದೆ ಬೆಳಗಿ, ಒಳಬರುವವರ ಹೆಸರು ಕೇಳುತ್ತದೆ. ಈಗ ಓಡುತ್ತಿರುವ ಕರ್ನಲ್ ಯಾವುದೆಂದು ಅವರು ಯಂತ್ರವನ್ನು ಕೇಳಿ, ಬಂದ ಅಂಕಿಯನ್ನು ಎರಡು ಸಲ ಓದಿ, ರಟ್ಟು ಹರಿದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. "ಬಂತು" ಎನ್ನುತ್ತಾರೆ, ಅಷ್ಟೇ. ಆರಕ್ಕೆ ವಾರ್ಡುಗಳಲ್ಲಿ ರಕ್ತ ತೆಗೆಯುತ್ತಾರೆ, ಏಳಕ್ಕೆ ವರದಿಗಳು ಹೊರಡುತ್ತವೆ. ಏನೂ ಆಗಿಲ್ಲ, ಹಾಗಾಗಿ ಯಾರೂ ಬರುವುದಿಲ್ಲ.

ಎಂಟೂ ಹತ್ತಕ್ಕೆ ಫೋನು. ಆಡಳಿತಾಧಿಕಾರಿಗಳು. ಬೆನ್ನು ತಟ್ಟಲು ಮಾಡಿದ ಫೋನಲ್ಲ. ಹತ್ತಕ್ಕೆ ಅತಿಥಿಗಳು ಬರುತ್ತಾರೆ, ಹಜಾರದ ಫಲಕ ಸೊನ್ನೆ ತೋರಿಸುತ್ತಿದೆ, ಮರ್ಯಾದೆ ಪ್ರಶ್ನೆ, ಹಳೆಯ ಅಂಕಿ ವಾಪಸು ಬರುವಂತೆ ಮಾಡಿ ಎನ್ನುತ್ತಿದ್ದಾರೆ. ಕೆಳಗಿನಮ್ಮ ಪೂರ್ತಿ ಕೇಳಿಸಿಕೊಳ್ಳುತ್ತಾರೆ.

"ಎರಡು ನಿಮಿಷದ ಕೆಲಸ ಸರ್. ಮಾಡಲ್ಲ. ಯಂತ್ರ ಓಡ್ತಿರೋದು ಇವತ್ತು ಬೆಳಿಗ್ಗೆಯಿಂದ, ಫಲಕ ಅದನ್ನೇ ಹೇಳ್ತಿದೆ."

ಅವರ ಜಾಗಕ್ಕೆ ಇನ್ನೂ ಯಾರನ್ನೂ ನೇಮಿಸಿಲ್ಲ. ಬೀಗದಕೈ ಯಾರಿಗೆ ಕೊಡಲಿ ಎಂದು ಕೇಳಿದರೆ, ಆಮೇಲೆ ನೋಡೋಣ ಎಂಬ ಉತ್ತರ. ಮತ್ತೆ ಯಾರೋ ಒಬ್ಬ ಟೈಪಿಸ್ಟ್ ಸಿಗಬಹುದು.

ಮನೆಗೆ ಹೊರಟವರು ಹಜಾರದಲ್ಲಿ ನಿಲ್ಲುತ್ತಾರೆ. ಜನ ಚೀಟಿ ಹಿಡಿದು ಅತ್ತಿತ್ತ ಓಡಾಡುತ್ತಿದ್ದಾರೆ, ತಲೆ ಎತ್ತಿ ನೋಡುವವರಿಲ್ಲ. ಮೇಲೆ ಕೆಂಪಗೆ ಒಂದು ಸೊನ್ನೆ. ಅವರು ಸ್ವೆಟರುಗಳನ್ನು ಒಂದೊಂದಾಗಿ ಬಿಚ್ಚಿ ಚೀಲಕ್ಕೆ ಹಾಕುತ್ತಾರೆ.

"ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸ ಈ ಕಟ್ಟಡದಲ್ಲಿ ಕಣ್ಣಿಗೆ ಕಾಣ್ತಿರೋದು ಇದೇ ಮೊದಲು" ಎನ್ನುತ್ತಾರೆ. ಚೀಲವನ್ನು ಹೆಗಲಿಗೇರಿಸಿಕೊಂಡು, "ನಾನು ಹೋದ್ಮೇಲೂ ಆಗಾಗ ಇದನ್ನ ಸೊನ್ನೆ ಮಾಡೋರು ಒಬ್ಬರು ಸಿಕ್ಕಿದ್ರೆ ಸಾಕು."