ನೂರ ನಲವತ್ತನೇ ಪುಟದವರೆಗೆ

ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದ ಆಕೆಯ ಹೆಸರು ಓದುಗರಿಗೆ ಮರೆತೇಹೋಗಿತ್ತು. ಎಲ್ಲರ ಬಾಯಲ್ಲೂ ಚೀಟಿಯಮ್ಮ. ತನಗೆ ಹಿಡಿಸಿದ ಐತಿಹಾಸಿಕ ಕಾದಂಬರಿ, ಆತ್ಮಕಥೆಗಳ ಒಳಗೆ ಆಕೆ ಒಂದೊಂದು ಚೀಟಿ ಇಡುತ್ತಿದ್ದಳು. 'ಮೊದಲ ಮೂವತ್ತು ಪುಟ ಹಲ್ಲು ಕಚ್ಚಿಕೊಂಡು ಓದಿ, ಆಮೇಲೆ ಅದೇ ನಿಮ್ಮನ್ನು ಬಿಡುವುದಿಲ್ಲ.' 'ಅತ್ತೆಯ ಮೇಲೆ ಸಿಟ್ಟು ಬಂದ ದಿನ ಈ ರಾಣಿಯ ತಂಟೆಗೆ ಹೋಗಬೇಡಿ.' ಕೆಳಗೆ ಸಹಿಯ ಜಾಗದಲ್ಲಿ, 'ಕೊನೆಯ ಪುಟದವರೆಗೆ ಓದಿದ್ದೇನೆ.' ಓದುಗರು ನಂಬುತ್ತಿದ್ದುದು ಆ ಒಂದು ಸಾಲನ್ನು. ಬೆನ್ನುಪುಟ ನೋಡಿ ಪುಸ್ತಕ ಹೊಗಳುವವರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

ಗುರುವಾರ ಸಂಜೆ ಆರೇಳು ಜನ ಉದ್ದ ಮೇಜಿನ ಸುತ್ತ ಸೇರಿ, ಓದಿದ್ದರ ಬಗ್ಗೆ ಜಗಳವಾಡುತ್ತಿದ್ದರು. ಅದರಲ್ಲಿ ಗಡಿಯಾರ ರಿಪೇರಿಯವರದೇ ದೊಡ್ಡ ಗಂಟಲು. ಕೋಟೆ, ಯುದ್ಧ, ಸಿಂಹಾಸನ ಬಿಟ್ಟು ಬೇರೇನನ್ನೂ ಮುಟ್ಟದ ಮನುಷ್ಯ. ಮಾತು ಯಾವ ಸಾಮ್ರಾಜ್ಯದಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಅವರ ಅಪ್ಪನ ಬಳಿ. ಐವತ್ತು ವರ್ಷದ ಹಿಂದೆ ಊರಿನ ನೂಲಿನ ಗಿರಣಿಗೆ ಬೆಂಕಿ ಬಿದ್ದಾಗ ಅಪ್ಪ ಅಲ್ಲಿ ಗೇಟಿನ ಕಾವಲುಗಾರ. ಕೀಲಿಕೈ ಮಾಲೀಕರ ಬಳಿ ಇತ್ತು. ಅಪ್ಪ ಬರಿಗೈಯಲ್ಲಿ ಗೇಟು ಬಡಿದು ಬಡಿದು ಕೈ ರಕ್ತ ಮಾಡಿಕೊಂಡರು. ಆದರೂ ಒಳಗಿದ್ದ ಹನ್ನೊಂದು ಜನ ಉಳಿಯಲಿಲ್ಲ. ಈ ಕಥೆ ಮೇಜಿನವರಿಗೆಲ್ಲ ಬಾಯಿಪಾಠವಾಗಿತ್ತು.

ಹೀಗಿರುವಾಗ ಆ ಗಿರಣಿಯ ಆಸ್ಪತ್ರೆಯಲ್ಲಿದ್ದ ದಾದಿಯೊಬ್ಬರ ಆತ್ಮಕಥೆ ಬಂತು, ಎರಡು ಪ್ರತಿ; ಒಂದು ಮನೆಗೆ ಕೊಡಲು, ಇನ್ನೊಂದು ಗ್ರಂಥಾಲಯದಲ್ಲೇ ಇಡಲು. ಚೀಟಿಯಮ್ಮ ನೂರ ನಲವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಗುರುವಾರ ಬಂದುಬಿಟ್ಟಿತು. ಬೆಂಕಿಯ ಅಧ್ಯಾಯ ಇನ್ನೂ ಮುಂದಿತ್ತು. ಆದರೆ ಆ ದಾದಿಯ ಹಾಸ್ಯಕ್ಕೆ, ನೇರ ಮಾತಿಗೆ ಆಕೆ ಮರುಳಾಗಿದ್ದಳು, ಇನ್ನೊಂದು ವಾರ ಕಾಯುವ ತಾಳ್ಮೆ ಇರಲಿಲ್ಲ. ಚೀಟಿ ಬರೆದಳು. ಕೊನೆಯ ಸಾಲನ್ನು ಕೈ ತಾನಾಗಿಯೇ ಬರೆಯಿತು.

"ರಾಜರು ಸಾಕು ಸ್ವಾಮಿ. ನಿಮ್ಮ ಗಿರಣಿ ಬಂದಿದೆ, ತಗೊಳ್ಳಿ," ಎಂದು ಎಲ್ಲರ ಎದುರಿಗೇ ಪುಸ್ತಕವನ್ನು ಅವರ ಕೈಗಿಟ್ಟಳು. ಅವರಾದ ಮೇಲೆ ತಮಗೆ ಬೇಕೆಂದು ಇನ್ನೂ ಮೂವರು ಹೆಸರು ಬರೆಸಿದರು.

ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಮೂರನೇ ವಾರ, "ಅಂಗಡೀನೂ ತೆಗೆದಿಲ್ಲ ಅವರು," ಎಂದು ಮೇಜಿನವರಲ್ಲೊಬ್ಬರಾದ ಪೇಪರ್ ಏಜೆಂಟರು ಹೇಳಿದಾಗ ಆಕೆಗೆ ತಾನು ಓದದೆ ಬಿಟ್ಟ ಬೆಂಕಿಯ ಅಧ್ಯಾಯ ನೆನಪಾಯಿತು. ಎರಡನೇ ಪ್ರತಿ ತೆಗೆದು ಕಪಾಟಿನ ಪಕ್ಕದಲ್ಲಿ ನಿಂತೇ ಓದಿದಳು. ನೂರ ತೊಂಬತ್ತಮೂರನೇ ಪುಟದಲ್ಲಿತ್ತು: 'ಕೀಲಿಕೈ ಗೇಟಿನವನ ಸೊಂಟದಲ್ಲೇ ಇತ್ತು. ಬೆಂಕಿ ಕಂಡದ್ದೇ ಅವನು ಓಡಿದ. ಆಸ್ಪತ್ರೆಯ ಕಿಟಕಿಯಿಂದ ನಾನು ಕಣ್ಣಾರೆ ಕಂಡೆ.' ಚೀಟಿಯಮ್ಮನ ಕಣ್ಣ ಮುಂದೆ ತನ್ನ ಚೀಟಿಯ ಕೊನೆಯ ಸಾಲು ಬಂತು. ಇದನ್ನು ಓದಿ, ತಿಳಿದೂ ತಿಳಿದೂ ನಾಲ್ಕು ಜನರ ಮುಂದೆ ಕೊಟ್ಟಳು ಎಂದಲ್ಲವೇ ಆ ಮನುಷ್ಯ ತಿಳಿದಿರುವುದು!

ಮಧ್ಯಾಹ್ನದ ರಜೆ ಹಾಕಿ ಅವರ ಮನೆಗೆ ಹೋದಳು. ಬಾಗಿಲು ತೆಗೆದ ಗಡಿಯಾರದವರು ಒಳಗೆ ಬನ್ನಿ ಎನ್ನಲಿಲ್ಲ.

"ಪೂರ್ತಿ ಓದಿ ಕೊಟ್ರಾ?"

ಹೌದೆಂದರೆ ಕಟುಕಿ, ಇಲ್ಲವೆಂದರೆ ಇಪ್ಪತ್ತಾರು ವರ್ಷದ ಮಾತು ಮಣ್ಣುಪಾಲು. "ಇಲ್ಲ," ಎಂದಳು. "ನೂರ ನಲವತ್ತರವರೆಗೆ ಅಷ್ಟೇ. ಚೀಟೀಲಿ ಬರೆದದ್ದು ಸುಳ್ಳು."

"ಬೇಕೂಂತಲೇ ಕೊಟ್ರಿ ಅಂತ ಮೂರು ವಾರದಿಂದ ನಿಮ್ಮನ್ನ ಶಪಿಸ್ತಾ ಇದ್ದೀನಿ."

"ಎರಡೂ ಪ್ರತಿ ಕಳೆದುಹೋಯ್ತು ಅಂತ ಬರೆದುಬಿಡ್ತೀನಿ. ಯಾರೂ ಓದಲ್ಲ." ಆಡಿದ ಮೇಲೆ ತನ್ನ ಮಾತಿಗೆ ತನಗೇ ಅಸಹ್ಯವಾಯಿತು.

ಒಳಗಿನಿಂದ ಅವರ ಅಕ್ಕ ಕೂಗಿದರು. ಎರಡು ವರ್ಷದಿಂದ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. "ಯಾರೋ ಅದು, ಚೀಟಿಯಮ್ಮನಾ? ಒಳಗೆ ಕರಿಯೋ. ನೀನು ದಿಂಬಿನ ಕೆಳಗೆ ಬಚ್ಚಿಟ್ಕೊಂಡಿರೋ ಪುಸ್ತಕ ನಂಗೂ ಓದಿ ಹೇಳಲಿ."

"ಅವಳಿಗೆ ಅಪ್ಪ ಅಂದ್ರೆ ಪ್ರಾಣ. ಬೇಡಿ," ಎಂದು ಅವರು ಪಿಸುಗುಟ್ಟಿದರು.

"ಕಣ್ಣು ಹೋಗಿದೆ, ಕಿವಿ ಅಲ್ಲ. ಓದಮ್ಮ ನೀನು."

ಬಿಚ್ಚಿಟ್ಟ ಗಡಿಯಾರಗಳ ಮೇಜಿನ ಪಕ್ಕ ಕುಳಿತು ಚೀಟಿಯಮ್ಮ ಓದಿದಳು. ಕೀಲಿಕೈಯ ಸಾಲನ್ನೂ ಬಿಡದೆ ಓದಿದಳು. ಈ ಸಲ ಪುಟ ಹಾರಿಸುವ ಮುಖ ಆಕೆಗಿರಲಿಲ್ಲ.

"ಸಾಕು," ಎಂದರು ಅಕ್ಕ. "ಆ ಕೀಲಿಕೈನ ಬಾವಿಗೆ ಹಾಕಿದ್ದು ನಾನೇ. ಅಪ್ಪ ಓಡಿ ಬಂದು ನನ್ನ ಕೈಲಿಟ್ಟು, ಎಲ್ಲಾದ್ರೂ ಎಸಿ ಮಗಳೇ ಅಂದ್ರು. ನಂಗೆ ಹದಿಮೂರು, ಇವನಿಗೆ ಆರು. ಬೀದಿ ಮಕ್ಕಳು ಇವನನ್ನ ಹಂಗಿಸಬಾರದು ಅಂತ ಆ ಗೇಟು ಬಡಿದ ಕಥೆ ಕಟ್ಟಿ ಹೇಳಿದವಳೂ ನಾನೇ."

ಗಡಿಯಾರದವರು ಆಕೆಯ ಕೈಯಿಂದ ಪುಸ್ತಕ ತೆಗೆದುಕೊಂಡರು. ಮುಚ್ಚಿ ಅದನ್ನು ಚೀಟಿಯಮ್ಮನ ಕಡೆಗೇ ಚಾಚಿದರು. "ಕಳೆದುಹೋಯ್ತು ಅಂತೆಲ್ಲ ಬರೀಬೇಡಿ. ಮುಂದಿನವರಿಗೆ ಕೊಡಿ. ನಾನು ಇನ್ನು ಗುರುವಾರ ಬರಲ್ಲ."

ಆಕೆ ಪುಸ್ತಕ ತೆಗೆದುಕೊಂಡಳು. ಅವರಾಗಲೇ ಅಕ್ಕನ ಕಡೆ ತಿರುಗಿದ್ದರು.

"ಅಕ್ಕಾ, ಆ ಕಥೇನ ಬಂದವರಿಗೆಲ್ಲ ಅಪ್ಪನ ಮುಂದೇನೇ ಹೇಳ್ತಿದ್ನಲ್ಲ ನಾನು."

"ನೀನು ಹೇಳಿದಾಗೆಲ್ಲ ಎದ್ದು ಹೊರಗೆ ಹೋಗ್ತಿದ್ರು ಕಣೋ," ಎಂದರು ಅಕ್ಕ. "ಅಪ್ಪಂಗೆ ಹೊಗಳಿಕೆ ಹಿಡಿಸಲ್ಲ ಅಂದ್ಕೊಂಡಿದ್ದೆ ನೀನು."