ರೇಡಿಯೋ ಅಣ್ಣ ಹುಟ್ಟಿಸಿದ ಡೂಪ್

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಚಿಕ್ಕವರಿಗೆ ರೇಡಿಯೋ ಅಣ್ಣ, ದೊಡ್ಡವರಿಗೆ ಬರೀ ರೇಡಿಯೋ. ಕಟಿಂಗ್ ಅಂಗಡಿಯ ಷಟರ್ ಎತ್ತಿದ ಗಳಿಗೆಯಿಂದ ಇಳಿಸುವವರೆಗೆ ಅವನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಸುದ್ದಿಗೆ ಉಪ್ಪುಖಾರ ಹಚ್ಚುವುದರಲ್ಲಿ ಅವನದು ಎತ್ತಿದ ಕೈ. ಬೆಳಿಗ್ಗೆ ಯಾರದೋ ನಾಯಿ ಯಾರನ್ನೋ ಕಚ್ಚಿತೆಂದು ಅವನ ಕಿವಿಗೆ ಬಿದ್ದರೆ ಸಾಕು, ಸಂಜೆಯ ಹೊತ್ತಿಗೆ ಆ ನಾಯಿಗೆ ಎರಡನೇ ಸಂಸಾರವೂ ಇದ್ದು, ಆಸ್ತಿಯ ಜಗಳವೂ ಎದ್ದಿರುತ್ತಿತ್ತು. ಗಿರಾಕಿಗಳು ಬಿಳಿ ಬಟ್ಟೆಯೊಳಗೆ ಕುಲುಕಾಡಿಕೊಂಡು ನಗುತ್ತಿದ್ದರು. "ರೇಡಿಯೋ, ಕತ್ತರಿ ಆಡಿಸು, ಕಾಗೆ ಹಾರಿಸಿದ್ದು ಸಾಕು" ಎನ್ನುತ್ತಿದ್ದರು. ಮಾತು ಯಾರಿಗೂ ನೋವು ಮಾಡಿದ್ದಿಲ್ಲವೆಂದು ಅವನು ನಂಬಿಕೊಂಡಿದ್ದ.

ಅಂಥವನ ಕೈಗೆ ಒಂದು ನಿಜವಾದ ಗುಟ್ಟು ಸಿಕ್ಕಿತು.

ಬಿಸಿಲಿನ ಒಂದು ಮಧ್ಯಾಹ್ನ ಊಟಕ್ಕೆಂದು ಷಟರ್ ಅರ್ಧ ಎಳೆದಿದ್ದ. ಹಿಂಬಾಗಿಲನ್ನು ಯಾರೋ ತಟ್ಟಿದರು. ತೆರೆದರೆ ಹಾಡುಗಾರ! ಗೋಡೆಗೋಡೆಯ ಮೇಲೂ ಪೋಸ್ಟರಾಗಿ ನಿಂತವನು. ಸೊಂಟದವರೆಗಿನ ಕೂದಲು ಕೊಡವಿ, ಗಿಟಾರು ಮೀಟಿ ಕಿರುಚಿದರೆ ಇಡೀ ಮೈದಾನವನ್ನು ಕುಣಿಸುತ್ತಿದ್ದ ರಾಕ್ ಹಾಡುಗಾರ. ಹಿಂದಿನ ಓಣಿಯಲ್ಲೇ ಬೆಳೆದ ಹುಡುಗ. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು, ಅದರ ಮೇಲೆ ಕೂರಿಸಿ, ಅವನ ತಲೆಗೆ ಮೊದಲ ಸಲ ಕತ್ತರಿ ಮುಟ್ಟಿಸಿದವನು ಇದೇ ರೇಡಿಯೋ. ದೊಡ್ಡ ಹೆಸರು ಬಂದ ಮೇಲೆ ಅವನು ಈ ಕಡೆ ತಲೆ ಹಾಕಿರಲಿಲ್ಲ.

"ಮಾಮ, ಎಲ್ಲಾ ತೆಗೆದ್ಬಿಡು" ಎನ್ನುತ್ತ ಟೋಪಿ ಕಳಚಿದ.

ರೇಡಿಯೋ ಬಾಚಣಿಗೆ ಇಟ್ಟನಷ್ಟೆ, ಕೂದಲು ಹಿಡಿಹಿಡಿಯಾಗಿ ಕೈಗೆ ಬಂತು. ಅರ್ಧ ತಲೆಗೆ ಕತ್ತರಿಯೇ ಬೇಕಾಗಲಿಲ್ಲ.

"ರಕ್ತದ ಕಾಯಿಲೆ ಮಾಮ. ಔಷಧಿಗೆ ಹೀಗೆ ಉದುರತ್ತಂತೆ. ಅಮ್ಮನಿಗಿನ್ನೂ ಹೇಳಿಲ್ಲ. ನೀನೂ ಯಾರಿಗೂ ಹೇಳ್ಬೇಡ."

"ನನ್ನ ಬಾಯಿಂದ ಆಚೆ ಹೋಗಲ್ಲ ಕಣೋ" ಎಂದ ರೇಡಿಯೋ, ಎದೆ ಮುಟ್ಟಿಕೊಂಡು.

ಕೆಲಸ ಮುಗಿಯಿತು. ಮೋಟು ಕೂದಲಿನ ಮೇಲೆ ಟೋಪಿ ಇಟ್ಟುಕೊಂಡು ಹಾಡುಗಾರ ಅರ್ಧ ಎಳೆದ ಷಟರಿನಡಿ ನುಸುಳಿ, ಮುಂದೆ ಬಂದು ನಿಂತ ಕಾರು ಹತ್ತಿ ಹೋದ. ಊರಿನ ಹುಡುಗಿಯರೆಲ್ಲ ಕನಸು ಕಂಡಿದ್ದ ಆ ಕೂದಲು ಬೇರೆಯವರ ಕೂದಲಿನ ಜೊತೆ ಕಸದ ಗಾಡಿ ಸೇರಿತು.

ಆದರೆ ಎದುರಿನ ಪಂಕ್ಚರ್ ಅಂಗಡಿಯವನ ಕಣ್ಣು ಚುರುಕು. ಟೈರು ಬಿಟ್ಟು ಬಂದೇಬಿಟ್ಟ.

"ಯಾರಣ್ಣ ಅದು? ಥೇಟ್ ನಮ್ಮ ಹಾಡುಗಾರನ ಹಾಗೇ ಇದ್ದ?"

ಗೊತ್ತಿಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪುಣ್ಯಾತ್ಮನ ಬಾಯಿಗೆ ಆ ಒಂದು ಮಾತು ಮಾತ್ರ ಯಾವತ್ತೂ ಒಗ್ಗಿದ್ದಿಲ್ಲ.

"ಅಯ್ಯೋ, ಅವನೆಲ್ಲಿ ನನ್ನ ಅಂಗಡಿಗೆ ಬರ್ತಾನೋ! ಇವನು ಅವನ ಡೂಪು. ಮುಖ ಮಾತ್ರ ಒಂದೇ, ಕೂದಲು ಮೊದಲಿಂದ್ಲೂ ಮೋಟು. ಹಾಡುಗಾರನಿಗೆ ಹೋಗೋಕಾಗದ ಕಡೆ ವಿಗ್ ಹಾಕ್ಕೊಂಡು ದೂರದಿಂದ ಕೈ ಬೀಸೋಕೆ ಹೋಗ್ತಾನೆ."

"ಹೌದಾ! ಯಾವೂರವನು?"

ಗೋಡೆಯ ಮೇಲೆ ಬಣ್ಣದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಅದರಲ್ಲಿ ಬಂದರಿನಲ್ಲಿ ನಿಂತ ದೊಡ್ಡ ಕೆಂಪು ಹಡಗು. ರೇಡಿಯೋನ ಕಣ್ಣು ಅದರ ಮೇಲೆ ಬಿತ್ತು.

"ಬಂದರಿನ ಊರವನು. ಮೀನು ಮಾರ್ಕೆಟ್ ಹಿಂದುಗಡೆ ಮನೆ" ಎಂದುಬಿಟ್ಟ.

ಗುಟ್ಟು ಉಳಿಯಿತು. ಆ ಸಂಜೆ ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ಮಳೆ ಶುರುವಾಗುವ ಮೊದಲೇ ಹಾಡುಗಾರ ತೀರಿಕೊಂಡ. ಮನೆಯವರು ಏನೂ ಮುಚ್ಚಿಡಲಿಲ್ಲ. ರಕ್ತದ ಕಾಯಿಲೆ ಎಂದರು, ಆಸ್ಪತ್ರೆಯವರೂ ಅದನ್ನೇ ಹೇಳಿದರು. ಗಾಜಿನ ಪೆಟ್ಟಿಗೆಯಲ್ಲಿಟ್ಟ ದೇಹವನ್ನು ಜನ ಸಾಲುಗಟ್ಟಿ ನೋಡಿದರು. ಬತ್ತಿದ ಕೆನ್ನೆ, ಮೋಟು ಕೂದಲು. ಮುಂದಿನ ಸಾಲಿನಲ್ಲಿದ್ದವರಿಗೆ ದುಃಖವಾಯಿತು, ಹಿಂದಿನ ಸಾಲಿನವರಿಗೆ ಅನುಮಾನವಾಯಿತು. ಇದೇ ಊರಿನಲ್ಲಿ ಎಷ್ಟೋ ಜನ ದಿನವೂ ಸಾಯುತ್ತಾರೆ, ಯಾರೂ ಹುಬ್ಬೇರಿಸುವುದಿಲ್ಲ. ಪೋಸ್ಟರಿನಲ್ಲಿದ್ದವನು ಕಾಯಿಲೆಯಿಂದ ಸತ್ತ ಎಂದರೆ ಮಾತ್ರ ಅದು ಹೇಗೆ ಸಾಧ್ಯ ಎಂದು ಕೇಳುತ್ತಾರೆ. ಆಗ ಪಂಕ್ಚರ್ ಅಂಗಡಿಯವನಿಗೆ ಆ ಮಧ್ಯಾಹ್ನದ ಮಾತು ನೆನಪಾಯಿತು. ಅವನು ಅದನ್ನು ಒಬ್ಬನಿಗೆ ಹೇಳಿದ, ಅವನು ಫೋನಿನಲ್ಲಿ ವೀಡಿಯೋ ಮಾಡಿ ಹಾಕಿದ. ವಾರದೊಳಗೆ ಊರಿಗೆ ಊರೇ ತೀರ್ಮಾನಿಸಿತು: ಪೆಟ್ಟಿಗೆಯಲ್ಲಿ ಮಲಗಿದ್ದವನು ಡೂಪು. ನಿಜವಾದ ಹಾಡುಗಾರ ಶತ್ರುಗಳಿಂದ ತಪ್ಪಿಸಿಕೊಂಡು, ಡೂಪಿನ ಮನೆಯಲ್ಲೇ, ಬಂದರಿನ ಊರಲ್ಲಿ, ಮೀನು ಮಾರ್ಕೆಟ್ಟಿನ ಹಿಂದೆ ಬದುಕಿದ್ದಾನೆ.

ಕುರ್ಚಿಯಲ್ಲಿ ಕೂತ ಗಿರಾಕಿಗಳು ರೇಡಿಯೋನ ಕಥೆಯನ್ನು ರೇಡಿಯೋನಿಗೇ ಹೇಳತೊಡಗಿದರು. ಗಲ್ಲಕ್ಕೆ ನೊರೆ ಹಚ್ಚುತ್ತ ಅವನು ಕೇಳಿಸಿಕೊಂಡ. ಗಮನ ತಪ್ಪಿ ಒಬ್ಬಿಬ್ಬರ ಗಲ್ಲ ಕೊಯ್ದು, ರಕ್ತ ನಿಲ್ಲಲು ಪಟಿಕದ ಕಲ್ಲು ತಿಕ್ಕಿದ್ದೂ ಆಯಿತು. ಗುಟ್ಟು ಕಾಯುತ್ತೇನೆಂದು ಹುಡುಗನಿಗೆ ಮಾತು ಕೊಟ್ಟಿದ್ದೇನೆ, ಅದಕ್ಕೇ ಸುಮ್ಮನಿದ್ದೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸುಳ್ಳು. ಕಾಯಿಲೆಯ ಸುದ್ದಿಯನ್ನು ಮನೆಯವರೇ ಊರಿಗೆಲ್ಲ ಹೇಳಿಯಾಗಿತ್ತು, ಕಾಯಲು ಇನ್ನೇನೂ ಉಳಿದಿರಲಿಲ್ಲ. ಅವನಿಗಿದ್ದದ್ದು ತನ್ನ ಬುರುಡೆ ಊರಿಗೆ ಗೊತ್ತಾದರೆ ಎಂಬ ಭಯ.

ಒಮ್ಮೆ ಧೈರ್ಯ ಮಾಡಿದ. ರಸ್ತೆ ದಾಟಿ ಹೋಗಿ ಪಂಕ್ಚರ್ ಅಂಗಡಿಯವನ ಹತ್ತಿರ, "ನೋಡೋ, ಅವತ್ತು ಬಂದಿದ್ದವನು ಹಾಡುಗಾರನೇ. ಡೂಪು ಗೀಪು ಯಾರೂ ಇಲ್ಲ. ನಾನೇ ಬುರುಡೆ ಬಿಟ್ಟಿದ್ದು" ಎಂದ.

ಪಂಕ್ಚರ್ ಅಂಗಡಿಯವನು ಸುತ್ತಲೂ ನೋಡಿ ದನಿ ತಗ್ಗಿಸಿದ. "ಯಾರಣ್ಣ ಹೆದರಿಸಿದ್ದು?"

"ಯಾರೂ ಇಲ್ವೋ!"

"ಆಯ್ತಣ್ಣ, ಆಯ್ತು. ನಂಗೆ ಅರ್ಥ ಆಗತ್ತೆ" ಎಂದು ಕಣ್ಣು ಮಿಟುಕಿಸಿದ.

ಮಾರನೆಯ ದಿನ ಹೊಸ ವೀಡಿಯೋ ಬಂತು. ಕಟಿಂಗ್ ಅಂಗಡಿಯವನ ಬಾಯಿ ಮುಚ್ಚಿಸಿದ್ದಾರೆ, ಸತ್ಯ ಇದೇ ಎನ್ನುವುದಕ್ಕೆ ಇನ್ನೇನು ಬೇಕು ಎಂದು ಅದರಲ್ಲಿ ಒಬ್ಬ ಬೆರಳೆತ್ತಿ ಕೇಳುತ್ತಿದ್ದ. ಅವತ್ತಿನಿಂದ ರೇಡಿಯೋ ತುಟಿ ಪಿಟಕ್ಕೆನ್ನಲಿಲ್ಲ. ಅದಕ್ಕೂ ಜನ ಒಂದು ಅರ್ಥ ಕಟ್ಟಿದರು.

ಇಷ್ಟೇ ಆಗಿದ್ದರೆ ಹೇಗೋ ದಿನ ದೂಡಬಹುದಿತ್ತು. ಮನೆಯಲ್ಲಿ ಮಗಳಿದ್ದಳು. ಇರುವವಳು ಅವಳೊಬ್ಬಳೇ, ಕನ್ನಡಕದ ಅಂಗಡಿಯಲ್ಲಿ ಕೆಲಸ, ಅಪ್ಪನ ಹಾಗೆಯೇ ಮಾತು, ಅಮ್ಮನ ಹಾಗೆಯೇ ಹಟ. ಹಾಡುಗಾರನ ಹಾಡು ಕೇಳದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಸಾವಿನ ಸುದ್ದಿ ಬಂದಾಗ ಅವಳು ಅಳಲಿಲ್ಲ. "ಅವನು ಸತ್ತಿಲ್ಲ, ನೋಡ್ತಾ ಇರಿ" ಎಂದಳು. ಯಾವುದೋ ಅಭಿಮಾನಿಗಳ ಗುಂಪು ಸೇರಿದಳು. ಊಟದ ತಟ್ಟೆಯ ಪಕ್ಕದಲ್ಲೂ ಫೋನು. ರೇಡಿಯೋ ಅವಳ ಮುಖ ನೋಡಿದಾಗಲೆಲ್ಲ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ಮುಂದೂಡಿದ.

ಒಂದು ರಾತ್ರಿ ಊಟಕ್ಕೆ ಕೂತಾಗ ಅವಳೇ ಫೋನು ಮುಂದೆ ಹಿಡಿದಳು. "ಅಪ್ಪ, ನೋಡಿಲ್ಲಿ. ಬಂದರಿನ ಊರಲ್ಲಿ ಸಿಕ್ಕಿದಾನೆ ಅಂತಿದಾರೆ."

ಮೀನಿನ ಬುಟ್ಟಿ ಹೊತ್ತ ಒಬ್ಬ ತೆಳ್ಳನೆಯ ಮನುಷ್ಯನನ್ನು ಹತ್ತಾರು ಜನ ಸುತ್ತುವರಿದಿದ್ದರು. ಹಾಡು, ಹಾಡು ಎಂದು ಕೂಗುತ್ತಿದ್ದರು. ಒಬ್ಬ ಅವನ ಕೂದಲು ಹಿಡಿದು ಎಳೆದು ನೋಡಿದ. ಬುಟ್ಟಿ ಬಿತ್ತು, ಮೀನು ಚೆಲ್ಲಿತು. ಆ ಮನುಷ್ಯ ಕೈ ಮುಗಿಯುತ್ತಿದ್ದ.

"ಇವನಲ್ಲ ಬಿಡು. ಆದ್ರೆ ಅಲ್ಲೇ ಎಲ್ಲೋ ಇದಾನೆ" ಎಂದಳು ಮಗಳು.

ರೇಡಿಯೋ ಕೈಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ತಾನು ಗೋಡೆಯ ಮೇಲಿನ ಚಿತ್ರ ನೋಡಿ ಆಡಿದ ಒಂದು ಮಾತು ಎಲ್ಲಿಯೋ ಇದ್ದ ಬಡಪಾಯಿಯ ಕೂದಲು ಹಿಡಿದು ಎಳೆದಿತ್ತು. ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟ.

ಮಾರನೆಯ ದಿನ ಮಧ್ಯಾಹ್ನ ಹೆಂಡತಿ ಕೆಲಸದ ಕಡೆಯಿಂದ ಫೋನು ಮಾಡಿದಳು. ಅವಳ ದನಿ ಒಡೆದಿತ್ತು.

"ರೀ, ಇವಳು ಕೆಲಸ ಬಿಟ್ಟಿದಾಳಂತೆ! ಕನ್ನಡಕದ ಅಂಗಡಿಯವರು ಈಗ ಹೇಳಿದ್ರು. ಅವಳಿಗೇ ಫೋನ್ ಮಾಡಿ ಕೇಳ್ದೆ, ಮನೇಲಿ ಬ್ಯಾಗು ತುಂಬಿಟ್ಟಿದೀನಿ ಅಂತಾಳೆ. ಯಾರೋ ಗುಂಪಿನವರ ಜೊತೆ ವ್ಯಾನಲ್ಲಿ ಬಂದರಿನ ಊರಿಗೆ ಹೊರಟಿದಾಳೆ, ಸಿಗೋವರೆಗೂ ಬರಲ್ವಂತೆ. ಯಾರು ಏನು ಅಂತ ಅವಳಿಗೇ ಗೊತ್ತಿಲ್ಲ, ಫೋನಲ್ಲಿ ಪರಿಚಯ ಅಷ್ಟೇ. ಊರಿಗೆಲ್ಲ ಮಾತಾಡ್ತೀರಲ್ಲ, ಮಗಳಿಗೊಂದು ಮಾತು ಹೇಳ್ರೀ!"

ಗಿರಾಕಿಯೊಬ್ಬನನ್ನು ಅರ್ಧ ಕಟಿಂಗಿಗೇ ಎಬ್ಬಿಸಿ, ಸಂಜೆ ಬಾ ಎಂದು ಕಳಿಸಿದ. ಅವನು ಒಂದು ಕಿವಿಯ ಪಕ್ಕ ಗಿಡ್ಡ, ಇನ್ನೊಂದು ಪಕ್ಕ ಉದ್ದ ಕೂದಲಿಟ್ಟುಕೊಂಡು ಬೈಯುತ್ತ ಹೋದ. ಬೇರೆ ದಿನವಾಗಿದ್ದರೆ ಅದೇ ಒಂದು ವಾರದ ಕಥೆಯಾಗುತ್ತಿತ್ತು. ರೇಡಿಯೋ ಚಪ್ಪಲಿ ಮೆಟ್ಟಿ ಮನೆಗೆ ಓಡಬೇಕೆನ್ನುವಷ್ಟರಲ್ಲಿ ಮಗಳೇ ಬಾಗಿಲಲ್ಲಿ ನಿಂತಿದ್ದಳು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಮನೆಯ ಕೀಲಿಕೈ.

"ಕೀ ತಗೋ ಅಪ್ಪ. ವ್ಯಾನು ಇಲ್ಲಿಗೇ ಬರತ್ತೆ. ಅಮ್ಮನಿಗೆ ನೀನೇ ಸಮಾಧಾನ ಹೇಳು."

"ಒಂದ್ನಿಮಿಷ ಕೂತ್ಕೋ ಪುಟ್ಟಾ."

"ತಡೀಬೇಡ."

"ತಡಿಯಲ್ಲ. ಕೇಳಿ ಆಮೇಲೆ ಹೋಗು."

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಕನ್ನಡಿಯಲ್ಲಿ ಅವಳ ಮುಖ, ಹಿಂದೆ ಅವನ ಮುಖ. ಸಾವಿರ ತಲೆಗಳ ಹಿಂದೆ ನಿಂತು ಮಾತಾಡಿದವನು ಈಗ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಅವತ್ತು ಇಲ್ಲಿಗೆ ಬಂದಿದ್ದವನು ಡೂಪಲ್ಲ. ಅವನೇ. ಅವನ ಕೂದಲು ತೆಗೆದವನು ನಾನು."

ಮಗಳು ನಕ್ಕಳು. "ಅಮ್ಮ ಹೇಳಿಕೊಟ್ಟಳಾ? ನಿನ್ನ ಕಥೆ ನಂಗೆ ಗೊತ್ತಿಲ್ವಾ ಅಪ್ಪ? ಚಿಕ್ಕಂದಿನಲ್ಲಿ ಈ ಕುರ್ಚಿ ರಾಜನದು ಅಂದಿದ್ದೆ. ನಾನು ಸ್ಕೂಲಲ್ಲೆಲ್ಲ ಹೇಳಿ ನಗೆಪಾಟಲಾದೆ."

ಆ ಮಾತು ಅವನಿಗೆ ನೇರವಾಗಿ ನಾಟಿತು. ಕೂದಲಿನ ಒಂದು ಎಳೆಯನ್ನಾದರೂ ಎತ್ತಿಡಲಿಲ್ಲವಲ್ಲ ಎಂದು ಕೈ ಕೈ ಹಿಸುಕಿಕೊಂಡ. ತೋರಿಸಲು ಏನೂ ಇರಲಿಲ್ಲ. ಇದ್ದದ್ದು ಅವನ ಮಾತು, ಅದಕ್ಕೆ ಮಗಳ ಹತ್ತಿರವೂ ಬೆಲೆ ಉಳಿದಿರಲಿಲ್ಲ.

"ಹಾಗಾದ್ರೆ ಬಂದರಿನ ಊರು? ಮೀನು ಮಾರ್ಕೆಟ್ ಹಿಂದಿನ ಮನೆ?" ಎಂದಳು.

ಅವನು ಬೆರಳೆತ್ತಿ ಗೋಡೆ ತೋರಿಸಿದ. ಅವಳು ತಿರುಗಿ ನೋಡಿದಳು. ದಿನವೂ ಕಂಡಿದ್ದ ಕ್ಯಾಲೆಂಡರೇ. ಕೆಂಪು ಹಡಗು, ಅದರ ಕೆಳಗೆ ಸಾಲಾಗಿ ಮೀನಿನ ಬುಟ್ಟಿಗಳು.

"ಯಾವೂರು ಅಂತ ಕೇಳ್ದ. ಇದು ಕಣ್ಣಿಗೆ ಬಿತ್ತು. ಹೇಳ್ಬಿಟ್ಟೆ."

ಅವಳು ಬಹಳ ಹೊತ್ತು ಆ ಬುಟ್ಟಿಗಳನ್ನೇ ನೋಡಿದಳು. ನಗು ಹೋಗಿತ್ತು. ಹೊರಗೆ ವ್ಯಾನಿನ ಹಾರ್ನ್ ಕೇಳಿತು. ಬ್ಯಾಗಿನ ಪಟ್ಟಿಯನ್ನು ಅವಳು ಬಿಡಲಿಲ್ಲ.

"ಕೂದಲು ತೆಗೀವಾಗ ಅವನು ಏನಂದ?"

ಇಲ್ಲಿ ರೇಡಿಯೋನ ಹಳೆಯ ನಾಲಿಗೆ ಎಚ್ಚೆತ್ತಿತು. ಎಂಥೆಂಥ ಮಾತು ಹೊಸೆಯಬಹುದಿತ್ತು! ನನ್ನ ಹಾಡು ಕೇಳುವ ಮಕ್ಕಳು ಚೆನ್ನಾಗಿರಲಿ ಅಂದ ಎನ್ನಬಹುದಿತ್ತು. ನಿನ್ನ ಮಗಳಿಗೆ ಧೈರ್ಯ ಹೇಳು ಅಂದ ಎಂದರೆ ಇವಳು ಕುರ್ಚಿಯಿಂದ ಏಳುತ್ತಲೇ ಇರಲಿಲ್ಲ. ಮಾತು ತುಟಿಯವರೆಗೂ ಬಂತು. ಅದನ್ನು ನುಂಗಿಕೊಂಡ.

"ಕುತ್ತಿಗೆಗೆ ಕೂದಲು ಚುಚ್ತಿದೆ ಅಂದ. ಬ್ರಶ್ಶಲ್ಲಿ ಒರೆಸ್ದೆ. ಆಮೇಲೆ, ಮಾಮ, ಏನಾದ್ರೂ ಮಾತಾಡು, ನೀನು ಸುಮ್ಮನಿದ್ರೆ ಭಯ ಆಗತ್ತೆ ಅಂದ."

"ನೀನೇನಂದೆ?"

"ನಂಗೆ ಮಾತೇ ಬರ್ಲಿಲ್ಲ ಪುಟ್ಟಾ."

ಅವಳು ಕನ್ನಡಿಯಲ್ಲಿ ಅಪ್ಪನನ್ನೇ ನೋಡುತ್ತ ಕಾದಳು. ಅಪ್ಪನ ಮಾತಿಗೆ ಯಾವಾಗಲೂ ಇನ್ನೊಂದು ತುಂಡು ಇರುತ್ತಿತ್ತು, ಅದು ಬರಲೆಂದು ಕಾದಳು.

"ಆಮೇಲೆ?"

"ಆಮೇಲೇನೂ ಇಲ್ಲ. ಟೋಪಿ ಹಾಕ್ಕೊಂಡ, ಹೋದ. ಅಷ್ಟೇ."

ಹಾರ್ನ್ ಮತ್ತೆ ಕೇಳಿತು, ಈ ಸಲ ಉದ್ದಕ್ಕೆ. ಬ್ಯಾಗು ಅವಳ ಹೆಗಲಿಂದ ಜಾರಿ ಕತ್ತರಿಸಿದ ಕೂದಲಿನ ಮೇಲೆ ಬಿತ್ತು. "ಹಾಗಾದ್ರೆ ಅವನು ಸತ್ತೇ ಹೋದ" ಎಂದಳು. ಹೂಂ ಎಂದ ಅಪ್ಪ. ಅಷ್ಟು ದಿನ ತಡೆದಿಟ್ಟಿದ್ದ ಅಳು ಒಮ್ಮೆಲೇ ಒಡೆದು ಬಂತು, ಮಗುವಾಗಿದ್ದಾಗ ಅತ್ತಂತೆ ಅತ್ತಳು. ಅವನು ಒಂದು ಒಗೆದ ಬಿಳಿ ಬಟ್ಟೆ ತೆಗೆದು ಅವಳ ಕೈಗೆ ಕೊಟ್ಟ. ಆಮೇಲೆ ಹೊರಗೆ ಹೋಗಿ, ಅವಳು ಬರುವುದಿಲ್ಲವೆಂದು ವ್ಯಾನಿನವರಿಗೆ ಹೇಳಿದ. ಅವರಲ್ಲೊಬ್ಬ, "ಯಾರು ಹೆದರಿಸಿದ್ರು ಅಂಕಲ್?" ಎನ್ನುತ್ತ ಫೋನು ಅವನ ಮುಖಕ್ಕೆ ಹಿಡಿದ. ರೇಡಿಯೋ ಓಡಿಹೋಗಲಿಲ್ಲ. ಮಗಳಿಗೆ ಹೇಳಿದಷ್ಟನ್ನೇ, ಅದೇ ಮಾತಿನಲ್ಲಿ, ಅಲ್ಲೇ ನಿಂತು ಹೇಳಿದ.