ಸಾವುಕಾರರ ಹೊಂಡಕ್ಕೆ ಬಿದ್ದ ಎಮ್ಮೆಗಳು

ಮಾತಿನಲ್ಲಿ ಧೂಳಮ್ಮನನ್ನು ಗೆದ್ದವರು ಕೊಡಂಬಲದಲ್ಲಿ ಯಾರೂ ಇರಲಿಲ್ಲ, ಅವಳ ಆರು ಎಮ್ಮೆಗಳನ್ನು ಬಿಟ್ಟರೆ. ಗಂಡ ತೀರಿಕೊಂಡ ಮೇಲೆ ಅವುಗಳ ಬೆನ್ನು ಹತ್ತಿಯೇ ಸಂಸಾರ ತೂಗಿಸಿದ್ದಳು. ಬೆಳಗಾದರೆ ಮನೆಮನೆಗೆ ಹಾಲು ಮುಟ್ಟಿಸುತ್ತಿದ್ದಳು, ಹಾಲಿನ ಜೊತೆಗೆ ಪಕ್ಕದ ಮನೆಯ ಸುದ್ದಿಯನ್ನೂ.

೧೯೯೮ರ ಮುಂಗಾರಿನ ಹೊತ್ತಿಗೆ ಅವಳಿಗೆ ಒಂದೇ ಚಿಂತೆ. ನೀರಿನಲ್ಲಿ ಬೀಳದ ಎಮ್ಮೆ ಸರಿಯಾಗಿ ಹಾಲು ಕೊಡುವುದಿಲ್ಲ. ಹಳ್ಳ ಎರಡು ಹರದಾರಿ ದೂರ, ಮುದಿ ಎಮ್ಮೆ ಕರಿಯವ್ವನಿಗೆ ಕಾಲು ಕುಂಟು. ಹತ್ತಿರದಲ್ಲೇ ಮಹಾರುದ್ರಪ್ಪ ಸಾವುಕಾರರು ಹೊಸ ಹೊಂಡ ತೋಡಿಸಿದ್ದರು ನಿಜ, ಆದರೆ ಸುತ್ತ ಜಾಲಿಮುಳ್ಳಿನ ಬೇಲಿ. ಒಳಗಿನ ನೀರು ಬಾವಿಯ ನೀರಿನಂತೆ ತಿಳಿಯಾಗಿರಬೇಕೆಂದು ಅವರ ಹಟ.

ನೀರು ಇದ್ದರೆ ತಾನೇ ತಿಳಿಯಾಗುವುದು! ನೆಲ ಕೆಂಪು ಮುರುಮಿನದು, ನೀರು ಹಿಡಿಯದ ಗರಸು. ರೋಹಿಣಿ ಮಳೆಯ ನೀರು ಮೂರೇ ದಿನದಲ್ಲಿ ಇಂಗಿತು. ಸಾವುಕಾರರು ಟ್ರ್ಯಾಕ್ಟರುಗಟ್ಟಲೆ ಅಂಟಿನ ಕಪ್ಪು ಎರೆಮಣ್ಣು ತರಿಸಿ ತಳಕ್ಕೆ ಹರವಿಸಿದರು. ಅದರ ಹಿಂದೆಯೇ ಬಂದ ಮಿರಗದ ಮಳೆಯ ನೀರು ಐದು ದಿನ ನಿಂತು ಅದೂ ಹೋಯಿತು.

"ಬರೇ ಹರವಿದ್ರ ಹ್ಯಾಂಗ ನಿಲ್ತದ್ರಿ ಸಾವುಕಾರ್ರ?" ಎಂದಳು ಧೂಳಮ್ಮ. "ಹಸಿ ಮಾಡಿ ತುಳಸಬೇಕ್ರಿ. ನನ್ನ ಎಮ್ಮಿ ಇಳಸ್ಲೇನು?"

"ನಾ ಹೊಂಡ ತೋಡಿಸೇನಿ, ಎಮ್ಮಿ ಕೊಟ್ಟಿಗಿ ಅಲ್ಲ. ನಡಿ ನಡಿ!"

ಧೂಳಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ಸಮಯ ಕಾದಳು.

ಅದೇ ವಾರ ಸಾವುಕಾರರು ನೆಂಟರ ಜಗಳ ಬಿಡಿಸಲು ಹುಲಸೂರಿಗೆ ಹೋದರು. ಮರುದಿನ ಹಾಲು ಹಾಕುತ್ತ ಧೂಳಮ್ಮ ಅವರ ಹೆಂಡತಿ ಭಾಗಮ್ಮನ ಮುಂದೆ ನಿಟ್ಟುಸಿರು ಬಿಟ್ಟಳು. "ಯಾರರ ಬೇಲಿ ತೆಗೆದ್ರ ನಾ ಏನ್ ಮಾಡ್ಲಿ ಯವ್ವಾ? ನನ್ನ ಎಮ್ಮಿ ನನ್ನ ಮಾತು ಕೇಳಂಗಿಲ್ಲ."

ಭಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಬೇಲಿ ನಾನ ತೆಗೀತೀನಿ, ಬಾವಿ ಮೋಟಾರೂ ಚಾಲೂ ಮಾಡಿ ನೀರು ಬಿಡ್ತೀನಿ. ಊಟಕ್ಕ ಕುಂತ್ರೂ ಹೊಂಡದ ಮಾತ ಕೇಳಿ ಸಾಕಾಗ್ಯದ."

ನಾಲ್ಕು ದಿನ ಓಣಿಯ ಎಮ್ಮೆಗಳೆಲ್ಲ ಹಸಿ ಮಣ್ಣಿನಲ್ಲಿ ಸುತ್ತು ಹೊಡೆದವು. ಎರೆಮಣ್ಣು ನಾದಿದ ಹಿಟ್ಟಿನಂತೆ ಮುರುಮಿಗೆ ಅಂಟಿ ಕೂತಿತು. ಹಿಂದಿರುಗಿದ ಸಾವುಕಾರರು ಗೊರಸಿನ ಗುರುತು ನೋಡಿ ಊರು ಒಂದು ಮಾಡಿದರು. "ನಾ ಏನೂ ನೋಡಿಲ್ರಿ" ಎಂದಳು ಭಾಗಮ್ಮ. ಅವಳ ಸೀರೆಯ ಅಂಚಿನ ಕೆಸರು ಇನ್ನೂ ಹಸಿಯಾಗಿಯೇ ಇತ್ತು. ಸಾವುಕಾರರು ಮತ್ತೆ ಬೇಲಿ ಹಾಕಿಸಿದರು.

ಆಮೇಲೆ ಆರಿದ್ರಾ ಮಳೆ ಬಂತು, ಹೊಂಡ ತುಂಬಿತು. ಸಾವುಕಾರರು ಒಂದು ಕೋಲು ನೆಟ್ಟು ದಿನಾ ಹೋಗಿ ನೋಡಿದರು. ಹದಿನೈದು ದಿನವಾದರೂ ನೀರು ಬೆರಳಿನಷ್ಟೂ ಇಳಿಯಲಿಲ್ಲ. ಹದಿನಾರನೆಯ ದಿನದಿಂದ ಎಮ್ಮೆಗಳಿಂದ ತುಳಿಸುವ ಉಪಾಯ ಅವರದೇ ಆಗಿಬಿಟ್ಟಿತು.

ಮನ್ನಾಏಖೇಳ್ಳಿಯಿಂದ ನಾಲ್ಕು ಜನ ರೈತರು ಹೊಂಡ ನೋಡಲು ಬಂದರು. ಸಾವುಕಾರರು ಕೈ ಆಡಿಸುತ್ತ, ತಮಗೆ ಆ ಬುದ್ಧಿ ಹೇಗೆ ಹೊಳೆಯಿತೆಂದು ವಿವರಿಸುತ್ತಿದ್ದರು. ಅಷ್ಟರಲ್ಲಿ ಧೂಳಮ್ಮ ಎಮ್ಮೆಗಳ ಸಮೇತ ಬೇಲಿಯ ಹತ್ತಿರ ಬಂದು ನಿಂತಳು.

"ಖರೇರಿ, ಎಲ್ಲಾ ಸಾವುಕಾರ್ರದ ಬುದ್ಧಿ," ಎಂದಳು ಬಲು ವಿನಯದಿಂದ. "ಎಮ್ಮಿ ದಿನಾ ಬೀಳಲಿಲ್ಲಂದ್ರ ತಳ ಮತ್ತ ಸೋರ್ತದಂತ ಅವರ ಹೇಳ್ಯಾರ. ತಪ್ಪಸಬ್ಯಾಡಂತ ನನಗ ತಾಕೀತು ಮಾಡ್ಯಾರ. ಹೌದಲ್ರಿ ಸಾವುಕಾರ್ರ?"

ನಾಲ್ಕೂ ಜನ ಸಾವುಕಾರರ ಮುಖ ನೋಡಿದರು. ಸಾವುಕಾರರು ಧೂಳಮ್ಮನ ಮುಖ ನೋಡಿದರು.

"ಹೌದು," ಎಂದರು ಕೊನೆಗೆ. "ನಾನ ಹೇಳೇನಿ."

ಹೇಳಿದ ಮೇಲೆ ಬೇಲಿಯ ಮುಳ್ಳನ್ನೂ ತಾವೇ ಎಳೆಯಬೇಕಾಯಿತು. ಕರಿಯವ್ವ ಕುಂಟುತ್ತ ಎಲ್ಲಕ್ಕಿಂತ ಮೊದಲು ಇಳಿದು, ಕೊರಳ ತನಕ ಮುಳುಗಿ ಕಣ್ಣು ಮುಚ್ಚಿತು.